ಪಾದ್ರಿಯ ಕೈಗೆ ಬಂದ ಸರಪಳಿ

ಐಸಾಕ್ ಮೆಕಾಯ್ ಬಿಟ್ಟುಹೋದ ಬರಹಗಳನ್ನು ಓದುತ್ತಾ ಹೋದರೆ, ಈ ಬ್ಯಾಪ್ಟಿಸ್ಟ್ ಪಾದ್ರಿಗೆ ದೇವರಿಗಿಂತ ಹಿಟ್ಟಿನ ಚಿಂತೆಯೇ ಜಾಸ್ತಿ ಇತ್ತೇನೋ ಅನಿಸುತ್ತದೆ. ಹಿಟ್ಟಿನ ಪೀಪಾಯಿ ಎಲ್ಲಿಂದ ಬಂತು, ಯಾರ ಹತ್ತಿರ ಕಡ ತಂದದ್ದು, ಎತ್ತಿನ ಗಾಡಿ ಯಾವ ಹೊಳೆ ದಾಟಲಾರದೆ ನಿಂತಿತು, ಕಮ್ಮಾರನ ಸಂಬಳ ಯಾರ ಲೆಕ್ಕಕ್ಕೆ ಬೀಳಬೇಕು ಎಂಬುದೇ ಪುಟಗಟ್ಟಲೆ. ಗಡಿನಾಡಿನ ಮಿಷನರಿಯ ದಿನಗಳು ಕಳೆದದ್ದೇ ಹಾಗೆ, ಅದರಲ್ಲಿ ಆಶ್ಚರ್ಯವಿಲ್ಲ. ತಲೆ ಕೊರೆಯುವುದು ಬೇರೆ ವಿಷಯ. 1817ರಲ್ಲಿ ಅಮೆರಿಕದ ಮೂಲನಿವಾಸಿಗಳ ನಡುವೆ ಬದುಕಲು ಹೊರಟ ಇದೇ ಮನುಷ್ಯ, 1830ರ ಹೊತ್ತಿಗೆ ಅವರನ್ನು ಅವರ ನೆಲದಿಂದ ಎಬ್ಬಿಸಿ ಮಿಸ್ಸೂರಿಯ ಆಚೆಗೆ ಸಾಗಿಸುವ ಕಾನೂನಿನ ಪರವಾಗಿ ವಾಷಿಂಗ್ಟನ್ನಿನಲ್ಲಿ ಓಡಾಡುತ್ತಿದ್ದ. ಅದೇ ವರ್ಷ ಸರಪಳಿ, ದಿಕ್ಸೂಚಿ ಹಿಡಿದು ಅವರಿಗೆ ಕೊಡುವ ಹೊಸ ನೆಲವನ್ನು ತಾನೇ ಅಳೆಯಲು ನಿಂತ.

ಆಷಾಢಭೂತಿ ಎಂದು ಬೈದು ಕೈತೊಳೆದುಕೊಳ್ಳಬಹುದು. ಪಾಪ, ಒಳ್ಳೆಯವನು, ಮೋಸಹೋದ ಎಂದು ಕನಿಕರವನ್ನೂ ಪಡಬಹುದು. ಎರಡೂ ನನಗೆ ಒಪ್ಪುವುದಿಲ್ಲ. ಮಿಷನ್ ನಡೆಸಲು ಬೇಕಾದ ದುಡ್ಡು ಯಾವ ಬಾಗಿಲಿನಿಂದ ಒಳಗೆ ಬರುತ್ತಿತ್ತು ಎಂದು ನೋಡಿದರೆ, ಅವನು ಹೋಗಿ ನಿಂತ ಜಾಗಕ್ಕೆ ಹೇಗೆ ಹೋದ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ರಾಟೆ ಮಾಡುತ್ತಿದ್ದವನು

ಮೆಕಾಯ್ ಹುಟ್ಟಿದ್ದು 1784ರಲ್ಲಿ, ಪೆನ್ಸಿಲ್ವೇನಿಯಾದಲ್ಲಿ. ಬೆಳೆದದ್ದು ಕೆಂಟಕಿಯ ಗಡಿಯಲ್ಲಿ. 1803ರಲ್ಲಿ ಕ್ರಿಸ್ಟಿಯಾನಾ ಪೋಕ್ ಎಂಬವಳನ್ನು ಮದುವೆಯಾಗಿ, ಮರುವರ್ಷ ಇಂಡಿಯಾನಾದ ವಿನ್ಸೆನ್ಸ್ ಕಡೆಗೆ ಬಂದ. ನೂಲುವ ರಾಟೆ ಮಾಡುವುದು ಕಸುಬು, ಮರಿಯಾ ಕ್ರೀಕ್ ಎಂಬಲ್ಲಿ ಸಭೆಯ ಪಾಲಕ. ಅಂದಿನ ಗಡಿಯ ಬ್ಯಾಪ್ಟಿಸ್ಟ್ ಬೋಧಕರೆಲ್ಲ ಹೆಚ್ಚುಕಡಿಮೆ ಹೀಗೆಯೇ: ವಾರವಿಡೀ ಉಳುಮೆಯೋ ಮರಗೆಲಸವೋ, ಭಾನುವಾರ ಬೋಧನೆ. ಸೆಮಿನರಿ ಓದಿಲ್ಲ, ಸಂಬಳವಿಲ್ಲ. ಸಂಬಳ ತೆಗೆದುಕೊಳ್ಳದಿರುವುದೇ ಅವರಿಗೆ ಒಂದು ಹೆಮ್ಮೆ.

ಈ ಹೆಮ್ಮೆಯೇ ಮೆಕಾಯ್‌ಗೆ ಮೊದಲ ಪೆಟ್ಟು ಕೊಟ್ಟಿತು. ಬ್ಯಾಪ್ಟಿಸ್ಟರು 1814ರಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿ ವಿದೇಶಿ ಮಿಷನ್ನಿಗೆಂದು ಒಂದು ಮಂಡಳಿ ಮಾಡಿಕೊಂಡಿದ್ದರು. ಅದು ಹುಟ್ಟಿದ್ದೇ ಬರ್ಮಾದಲ್ಲಿದ್ದ ಅಡೊನಿರಾಮ್ ಜಡ್ಸನ್ ಎಂಬ ಮಿಷನರಿಯನ್ನು ಸಾಕಲು. 1817ರ ಅಕ್ಟೋಬರಿನಲ್ಲಿ ಆ ಮಂಡಳಿ ಮೆಕಾಯ್‌ನನ್ನು ಒಂದೇ ಒಂದು ವರ್ಷದ ಮಟ್ಟಿಗೆ ನೇಮಿಸಿತು. ಅಷ್ಟಕ್ಕೇ ವಾಬಾಶ್ ನದಿಯ ಎರಡೂ ದಡದಲ್ಲಿ ಜಗಳ ಎದ್ದಿತು. ಇಲಿನಾಯ್ ಕಡೆಯ ಡೇನಿಯಲ್ ಪಾರ್ಕರ್ ಎಂಬ ರೈತ-ಬೋಧಕ, ಪೂರ್ವದ ಪಟ್ಟಣದ ದುಡ್ಡಿನವರು ಕೂತು ಬೋಧಕರನ್ನು ನೇಮಿಸುವುದಕ್ಕೆ ಬೈಬಲ್ಲಿನಲ್ಲಿ ಎಲ್ಲಿದೆ ಆಧಾರ ಎಂದು ಕೇಳಿದ; 1820ರಲ್ಲಿ ಅದನ್ನೇ ಅಚ್ಚು ಹಾಕಿಸಿ ಹಂಚಿದ. ಮೆಕಾಯ್‌ನ ಸಭೆಯೂ ಆ ವಾಗ್ವಾದದ ನಡುವೆ ಸಿಕ್ಕಿತು. ಪರಿಣಾಮ ಏನೆಂದರೆ, ಹತ್ತಿರದ ಬ್ಯಾಪ್ಟಿಸ್ಟರು, ಅಂದರೆ ಗಾಡಿಯಲ್ಲಿ ಎರಡು ದಿನದ ದಾರಿ ಬಂದು ಒಂದು ಚೀಲ ಜೋಳ ತಂದುಕೊಡಬಹುದಾಗಿದ್ದವರು, ಕೈ ಹಿಂದೆ ತೆಗೆದರು. ದೂರದ ಬ್ಯಾಪ್ಟಿಸ್ಟರು ಬರ್ಮಾಕ್ಕೂ, 1821ರಲ್ಲಿ ವಾಷಿಂಗ್ಟನ್ನಿನಲ್ಲಿ ತೆರೆದ ಕೊಲಂಬಿಯನ್ ಕಾಲೇಜಿಗೂ ದುಡ್ಡು ಸುರಿಯುತ್ತಿದ್ದರು. ಬರ್ಮಾದಲ್ಲಿ ಜಡ್ಸನ್ ಕಂಡ ಸೆರೆಮನೆಯ ಕಥೆ ಕೇಳಿದರೆ ಬಾಸ್ಟನ್ನಿನ ಹೆಂಗಸರು ಒಡವೆ ಬಿಚ್ಚಿಕೊಡುತ್ತಾರೆ. ಇಂಡಿಯಾನಾದ ಕೆಸರಿನ ಕಥೆಗೆ ಯಾರು ಕೊಡುತ್ತಾರೆ?

ಹಾಗಾಗಿ ಮೂರನೆಯ ಬಾಗಿಲು ತಟ್ಟಬೇಕಾಯಿತು. ಅದು ಸರ್ಕಾರದ ಬಾಗಿಲು. 1819ರಲ್ಲಿ ಅಮೆರಿಕದ ಕಾಂಗ್ರೆಸ್ ಮೂಲನಿವಾಸಿಗಳಿಗೆ ಕೃಷಿ, ಓದುಬರಹ ಕಲಿಸಲೆಂದು ವರ್ಷಕ್ಕೆ 10,000 ಡಾಲರ್ ಎತ್ತಿಟ್ಟಿತ್ತು. ಇಡೀ ದೇಶದ ಎಲ್ಲ ಪಂಗಡಗಳ ಎಲ್ಲ ಮಿಷನ್ನುಗಳೂ ಹಂಚಿಕೊಳ್ಳಬೇಕಾದ ದುಡ್ಡು. ಒಬ್ಬೊಬ್ಬರ ಪಾಲಿಗೆ ಬರುವುದು ಚಿಲ್ಲರೆ. ನಿಜವಾದ ದುಡ್ಡಿದ್ದದ್ದು ಒಪ್ಪಂದಗಳಲ್ಲಿ.

ಷಿಕಾಗೊ ಒಪ್ಪಂದದ ಒಂದು ಕಲಮು

1820ರ ಮೇ ತಿಂಗಳಲ್ಲಿ ಫೋರ್ಟ್ ವೇನ್ ಎಂಬ ಹಳೆಯ ಸೇನಾ ಕೋಟೆಯ ಕಟ್ಟಡದಲ್ಲಿ ಮೆಕಾಯ್ ಶಾಲೆ ತೆರೆದಾಗ ಬಂದ ಮಕ್ಕಳ ಲೆಕ್ಕ ಹೀಗಿತ್ತು: ಇಂಗ್ಲಿಷ್ ಮಾತಾಡುವವರು ಹತ್ತು, ಫ್ರೆಂಚರು ಆರು, ಮೂಲನಿವಾಸಿಗಳು ಎಂಟು, ಒಬ್ಬ ಕಪ್ಪು ಹುಡುಗ. ಗಡಿ ಎಂದರೆ ಆಗ ಇದೇ ಕಲಬೆರಕೆ. ಶಾಲೆ ಎಂದರೆ ಪಾಠ ಮಾತ್ರವಲ್ಲ, ಮಕ್ಕಳು ಮಿಷನ್ನಿನಲ್ಲೇ ಉಣ್ಣಬೇಕು, ಮಲಗಬೇಕು, ಅಲ್ಲಿನ ಬಟ್ಟೆಯನ್ನೇ ಉಡಬೇಕು. ಶಾಲೆ ಬೆಳೆದಷ್ಟೂ ಸಾಲ ಬೆಳೆಯಿತು.

1821ರ ಆಗಸ್ಟಿನಲ್ಲಿ ಷಿಕಾಗೊದಲ್ಲಿ ಮಿಷಿಗನ್ ಪ್ರಾಂತದ ಗವರ್ನರ್ ಲೂಯಿಸ್ ಕ್ಯಾಸ್, ಒಡಾವಾ ಮತ್ತು ಪೊಟವಾಟೊಮಿ ಜನರಿಂದ ಮಿಷಿಗನ್ನಿನ ನೈರುತ್ಯ ಭಾಗದ ದೊಡ್ಡ ತುಂಡು ನೆಲವನ್ನು ಬರೆಸಿಕೊಂಡ. ಅದರ ಬದಲಿಗೆ ಕೊಟ್ಟ ಮಾತುಗಳಲ್ಲಿ ಒಂದು ಕಲಮು ಮೆಕಾಯ್‌ನ ಬದುಕನ್ನೇ ತಿರುಗಿಸಿತು. ಪೊಟವಾಟೊಮಿಗಳಿಗೆ ಒಬ್ಬ ಕಮ್ಮಾರ ಮತ್ತು ಒಬ್ಬ ಶಿಕ್ಷಕನನ್ನು ಇಡಲು ಹದಿನೈದು ವರ್ಷ, ವರ್ಷಕ್ಕೆ 1,000 ಡಾಲರ್. ಒಡಾವಾಗಳಿಗೆ ಕಮ್ಮಾರ, ಶಿಕ್ಷಕ, ಬೇಸಾಯ ಕಲಿಸುವವ, ದನಕರು, ಸಲಕರಣೆಗೆಂದು ಹತ್ತು ವರ್ಷ, ವರ್ಷಕ್ಕೆ 1,500 ಡಾಲರ್. ಜೊತೆಗೆ ಸೇಂಟ್ ಜೋಸೆಫ್ ನದಿಯ ದಕ್ಷಿಣ ದಡದಲ್ಲಿ ಒಂದು ಚದರ ಮೈಲಿ, ಗ್ರ್ಯಾಂಡ್ ನದಿಯ ಉತ್ತರ ದಡದಲ್ಲಿ ಒಂದು ಚದರ ಮೈಲಿ ಜಾಗ. ಈ ಶಿಕ್ಷಕರ ಹುದ್ದೆಗಳು ಮೆಕಾಯ್‌ನ ಮಿಷನ್ನಿಗೆ ಬಂದವು.

ಕಮ್ಮಾರ ಯಾಕೆ ಅಷ್ಟು ಮುಖ್ಯ ಎಂದರೆ, ಬಂದೂಕಿನ ಕುದುರೆ ಮುರಿದರೆ ಬೇಟೆ ಇಲ್ಲ, ಬೇಟೆ ಇಲ್ಲದಿದ್ದರೆ ಚರ್ಮವಿಲ್ಲ, ಚರ್ಮವಿಲ್ಲದಿದ್ದರೆ ವ್ಯಾಪಾರಿಯ ಅಂಗಡಿಯಲ್ಲಿ ಸಾಲ ತೀರುವುದಿಲ್ಲ. ನೂರು ಮೈಲಿಯ ಒಳಗೆ ಬಂದೂಕು, ಕೊಡಲಿ, ಬಲೆ ರಿಪೇರಿ ಮಾಡುವ ಕುಲುಮೆ ಇದೊಂದೇ ಇದ್ದರೆ ಜನ ಬರಲೇಬೇಕು. ಪ್ರಾರ್ಥನೆಗೆ ಬಂದವರಿಗಿಂತ ಕುಲುಮೆಗೆ ಬಂದವರೇ ಹೆಚ್ಚು ಎಂದು ಧೈರ್ಯವಾಗಿ ಹೇಳಬಹುದು.

ಆದರೆ ಈ ಏರ್ಪಾಡಿನ ಬುಡ ನೋಡಿ. ಶಿಕ್ಷಕನ ಸಂಬಳ ಹುಟ್ಟಿದ್ದೇ ನೆಲ ಕೈಬಿಟ್ಟುಹೋದದ್ದರಿಂದ. ಹದಿನೈದು ವರ್ಷ ಮುಗಿದ ಮೇಲೆ ಮುಂದೇನು? ಇನ್ನೊಂದು ಒಪ್ಪಂದ, ಇನ್ನೊಂದು ತುಂಡು ನೆಲ. ತಾನು ಉಳಿಯಬೇಕಾದರೆ ತಾನು ಯಾರಿಗಾಗಿ ಬಂದನೋ ಅವರ ಕಾಲ ಕೆಳಗಿನ ಮಣ್ಣು ಸವೆಯುತ್ತಲೇ ಇರಬೇಕು. ಇದನ್ನು ಮೆಕಾಯ್ ಹೀಗೆ ಬಿಡಿಸಿ ನೋಡಿಕೊಂಡಂತೆ ಕಾಣುವುದಿಲ್ಲ.

ಕೇರಿ ಮಿಷನ್ನಿನ ಮೊದಲ ಚಳಿಗಾಲ

ಸೇಂಟ್ ಜೋಸೆಫ್ ದಡದ ಠಾಣ್ಯಕ್ಕೆ ಮೆಕಾಯ್ ಇಟ್ಟ ಹೆಸರು ಕೇರಿ. ಬಂಗಾಳದ ಸೆರಾಂಪುರದಲ್ಲಿದ್ದ ವಿಲಿಯಂ ಕೇರಿಯ ನೆನಪಿಗೆ. ಮೆಕಾಯ್‌ಗೆ ನೇಮಕ ಸಿಕ್ಕ ಅದೇ 1817ರಲ್ಲಿ ಕನ್ನಡದ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಬರೆದು ಸೆರಾಂಪುರದಲ್ಲಿ ಅಚ್ಚು ಹಾಕಿಸಿದ ಕೇರಿಯೇ ಇವನು. ನಮ್ಮಲ್ಲಿ ಭಾಷಾಶಾಸ್ತ್ರದವರಿಗೆ ಗೊತ್ತಿರುವ ಹೆಸರು. ಒಡಾವಾಗಳ ನಡುವೆ, ಈಗಿನ ಗ್ರ್ಯಾಂಡ್ ರ‍್ಯಾಪಿಡ್ಸ್ ಇರುವ ಕಡೆ ತೆರೆದ ಠಾಣ್ಯಕ್ಕೆ ಥಾಮಸ್ ಎಂದು ಹೆಸರಿಟ್ಟದ್ದೂ ಕೇರಿಯ ಜೊತೆಗಾರ ಜಾನ್ ಥಾಮಸ್‌ನ ನೆನಪಿಗೆ. ಮಿಷಿಗನ್ನಿನ ಕಾಡಿನಲ್ಲಿ ಮರ ಕಡಿಯುತ್ತಿದ್ದವರ ಕಣ್ಣು ಇದ್ದದ್ದು ಹೂಗ್ಲಿ ನದಿಯ ಮೇಲೆ.

1822ರ ಡಿಸೆಂಬರಿನಲ್ಲಿ ಫೋರ್ಟ್ ವೇನ್‌ನಿಂದ ಹೊರಟ ತಂಡದಲ್ಲಿ ಮೂವತ್ತೆರಡು ಜನ. ಎತ್ತಿನ ಗಾಡಿ ಮೂರು, ಕುದುರೆ ಗಾಡಿ ಒಂದು, ಐವತ್ತು ಹಂದಿ, ಐದು ಹಸು. ಸುಮಾರು ನೂರು ಮೈಲಿ ದಾರಿ, ಹತ್ತು ಹನ್ನೊಂದು ದಿನ. ಡಿಸೆಂಬರಿನಲ್ಲಿ ಹೊರಡುವುದು ಹುಚ್ಚುತನದಂತೆ ಕಾಣುತ್ತದೆ. ಆದರೆ ವಸಂತದಲ್ಲಿ ಬಿತ್ತನೆ ಮಾಡಬೇಕಾದರೆ ಅಷ್ಟರೊಳಗೆ ಮನೆ ಎದ್ದಿರಬೇಕು, ಬೇಲಿಗೆ ಮರ ಸೀಳಿರಬೇಕು. ಒಂದು ಹಂಗಾಮು ತಪ್ಪಿದರೆ ಇಡೀ ವರ್ಷದ ಜೋಳ ಹೋಯಿತು. ಎಡವಟ್ಟಾದದ್ದು ಬೇರೆ ಕಡೆ. ಹೊಸ ಜಾಗದಲ್ಲಿ ಮೊದಲ ಕೊಯ್ಲಿನ ತನಕ ಒಂದು ಕಾಳೂ ಹುಟ್ಟುವುದಿಲ್ಲ, ಅಷ್ಟೂ ದಿನದ ಧಾನ್ಯ ಹೊರಗಿನಿಂದಲೇ ಬರಬೇಕು. ನೆಲ ಗಟ್ಟಿಯಾಗಿ ಹೆಪ್ಪುಗಟ್ಟಿದರೆ ಗಾಡಿ ಓಡುತ್ತದೆ. ಅರ್ಧ ಹೆಪ್ಪುಗಟ್ಟಿ ಅರ್ಧ ಕರಗಿದ ಜವುಗಿನಲ್ಲಿ ಚಕ್ರ ಅಚ್ಚಿನ ತನಕ ಹೂತುಹೋಗುತ್ತದೆ. ಎತ್ತುಗಳಿಗೆ ಮೇವಿಲ್ಲದೆ ಬಲ ಕುಗ್ಗುತ್ತದೆ. ಹೋದ ಗಾಡಿ ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ.

1823ರ ಫೆಬ್ರವರಿ ಮೊದಲ ದಿನಗಳಲ್ಲಿ ಕೇರಿಯಲ್ಲಿ ಜೋಳ ಮುಗಿದಿತ್ತು, ಹಿಟ್ಟು ಇನ್ನೊಂದು ಹೊತ್ತಿಗೆ ಸಾಲುವಷ್ಟಿತ್ತು. ಧಾನ್ಯ ತರಲು ಹೋದ ಗಾಡಿಗಳು ಹಿಂದಿರುಗಿರಲಿಲ್ಲ. ಐದಾರು ಮೈಲಿ ದೂರದ ವ್ಯಾಪಾರಿಯ ಹತ್ತಿರ ಒಂದು ಪೀಪಾಯಿ ಹಿಟ್ಟು, ಒಂದು ಬುಷೆಲ್ ಜೋಳ ಕಡವಾಗಿ ಸಿಕ್ಕಿತು. ಒಂದು ಪೀಪಾಯಿ ಹಿಟ್ಟೆಂದರೆ 196 ಪೌಂಡ್, ನಮ್ಮ ಲೆಕ್ಕದಲ್ಲಿ ಸುಮಾರು 89 ಕಿಲೊ. ಅದನ್ನು ಶಾಲೆಯ ಗಟ್ಟಿಮುಟ್ಟಾದ ಮೂಲನಿವಾಸಿ ಹುಡುಗರು ಪಾಲು ಮಾಡಿಕೊಂಡು ಬೆನ್ನ ಮೇಲೆ ಹೊತ್ತು ತಂದರು. ಹಿಟ್ಟು ಕೆಟ್ಟಿತ್ತು, ಆದರೂ ತಿಂದರು. ಅದೇ ದಿನ, ಮಿಷನ್ನಿಗೆ ಎಲ್ಲರಿಗಿಂತ ಹತ್ತಿರವಿದ್ದ ಪೊಟವಾಟೊಮಿ ವಿಧವೆಯೊಬ್ಬಳು ಇವರಲ್ಲಿ ಊಟಕ್ಕಿಲ್ಲ ಎಂದು ಕೇಳಿ, ತನ್ನ ಹತ್ತಿರವಿದ್ದ ಸಿಹಿಜೋಳದಲ್ಲೇ ಪಾಲು ಮಾಡಿ, ಮೂರು ಹೊತ್ತಿಗಾಗುವಷ್ಟು ಕಳಿಸಿಕೊಟ್ಟಳು. ಮೂವತ್ತು ಬಾಯಿಗೆ ಮೂರು ಹೊತ್ತು! ಮುದುಕಿಯ ಗುಡಿಸಿಲಿನಲ್ಲಿ ಅಷ್ಟು ಹೋದ ಮೇಲೆ ಎಷ್ಟು ಉಳಿದಿದ್ದೀತು ಎಂಬುದು ದಾಖಲೆಯಲ್ಲಿಲ್ಲ. ಬೇಸಾಯ ಕಲಿಸಲು ಹೋದವರನ್ನು ಆ ಚಳಿಗಾಲ ದಾಟಿಸಿದ್ದರಲ್ಲಿ, ಬೇಸಾಯ ಬಾರದವರೆಂದು ಕರೆಸಿಕೊಂಡ ಹೆಂಗಸರು ಬೆಳೆದ ಜೋಳಕ್ಕೂ ಪಾಲಿದೆ.

ಕ್ರಿಸ್ಟಿಯಾನಾಳ ಬಗ್ಗೆ ಒಂದು ಮಾತು. ಅವಳು ಗರ್ಭಿಣಿಯಾಗಿ, ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು, ಫೋರ್ಟ್ ವೇನ್ ಕಡೆಯಿಂದ ವಾಬಾಶ್ ನದಿಯಲ್ಲಿ ತೆರೆದ ದೋಣಿಯಲ್ಲಿ ಹೆರಿಗೆಗಾಗಿ ತವರಿನ ಕಡೆ ಹೋದವಳು. ನೂರಾರು ಮೈಲಿ, ರಾತ್ರಿ ದಡದಲ್ಲೇ ತಂಗುವುದು. ಗಂಡ ಫಿಲಡೆಲ್ಫಿಯಾಕ್ಕೋ ವಾಷಿಂಗ್ಟನ್ನಿಗೋ ದುಡ್ಡಿಗೆ ಹೋದರೆ ತಿಂಗಳುಗಟ್ಟಲೆ ಮಿಷನ್ ನಡೆಸುತ್ತಿದ್ದವಳೂ ಅವಳೇ. ಹಡೆದ ಮಕ್ಕಳಲ್ಲಿ ಬಹುಪಾಲು ತಾಯಿತಂದೆಗಿಂತ ಮೊದಲೇ ಸತ್ತರು, ಕೆಲವರು ತಂದೆ ಊರಿನಲ್ಲಿಲ್ಲದಾಗ. ನದಿ ದಡದ ತಗ್ಗಿನಲ್ಲಿ ಬೇಸಿಗೆ ಕೊನೆಗೆ ಚಳಿಜ್ವರ ಶುರುವಾದರೆ ಶಾಲೆಯೂ ಕುಲುಮೆಯೂ ಒಟ್ಟಿಗೆ ಮಲಗುತ್ತಿದ್ದವು.

ಗೀಟು ಹಾಕಿದ ಕೋಲು

ಇಲ್ಲಿ ಇನ್ನೊಬ್ಬನನ್ನು ಕರೆತರಬೇಕು. 1821ರಲ್ಲಿ ಮೆಕಾಯ್‌ಗೆ ಮೆನೊಮಿನಿ ಎಂಬ ಪೊಟವಾಟೊಮಿ ಮುಖಂಡನ ಪರಿಚಯವಾಯಿತು. ಅವನೇ ಒಬ್ಬ ಬೋಧಕ. ತನಗೆ ದರ್ಶನವಾಗಿದೆ, ಕುಡಿಯಬೇಡಿ, ಕದಿಯಬೇಡಿ, ಕೊಲ್ಲಬೇಡಿ ಎಂದು ತನ್ನ ಜನರಿಗೆ ಸಾರುತ್ತಿದ್ದ. ಎಷ್ಟು ಸಲ ಬೋಧಿಸಿದೆ ಎಂಬ ಲೆಕ್ಕಕ್ಕೆ ಒಂದು ಚೌಕನೆಯ ಕೋಲು ಇಟ್ಟುಕೊಂಡಿದ್ದ. ಒಂದೊಂದು ಬೋಧನೆಗೆ ಒಂದೊಂದು ಗೀಟು. ಅದನ್ನು ಮೆಕಾಯ್‌ಗೆ ತೋರಿಸಿದ. ತನ್ನ ಊರಿಗೇ ಬಂದು ನೆಲೆಸು ಎಂದು ಕರೆದ ಕೂಡ. ಮೆಕಾಯ್ ಹೋಗಲಿಲ್ಲ, ಒಪ್ಪಂದದ ಶಿಕ್ಷಕನ ಜಾಗ ಸೇಂಟ್ ಜೋಸೆಫ್ ದಡದಲ್ಲಿತ್ತು.

ಆ ದಿನಗಳಲ್ಲಿ ಮೆಕಾಯ್‌ನನ್ನು ಒಳಗಿನಿಂದ ತಿಂದದ್ದು ವಿಸ್ಕಿ. ಷಿಕಾಗೊ ಒಪ್ಪಂದದ ಹೊತ್ತಿಗೇ ಹಿರಿಯ ಮುಖಂಡ ಟೊಪಿನಬಿ, ನಮಗೆ ನೆಲವೂ ಬೇಡ ದುಡ್ಡೂ ಬೇಡ ವಿಸ್ಕಿ ಕೊಡಿ ಎಂದು ಗವರ್ನರನ್ನು ಕೇಳಿದ್ದು ದಾಖಲಾಗಿದೆ. ಬಿಟ್ಟುಕೊಟ್ಟ ನೆಲಕ್ಕೆ ಬದಲಾಗಿ ಸರ್ಕಾರ ವರ್ಷವರ್ಷ ಕೊಡುವ ವರ್ಷಾಶನದ ಬೆಳ್ಳಿ ನಾಣ್ಯ ಹಂಚುವ ದಿನ ವ್ಯಾಪಾರಿಗಳು ಪೀಪಾಯಿ ಇಳಿಸಿಕೊಂಡು ಕಾದಿರುತ್ತಿದ್ದರು. ಬೆಳಿಗ್ಗೆ ಬಂದ ದುಡ್ಡು ಸಂಜೆಗೆ ಖಾಲಿ, ರಾತ್ರಿಗೆ ಚೂರಿ ಇರಿತ. ಬೆಳಿಗ್ಗೆ ಹೆಣ ಹೂಳುವುದಕ್ಕೆ ಮಿಷನ್ನಿನವರು. ಇದನ್ನು ಕಂಡು ಕಂಡು 1823ರ ಹೊತ್ತಿಗೆ ಅವನ ತಲೆಯಲ್ಲಿ ಒಂದು ತೀರ್ಮಾನ ಗಟ್ಟಿಯಾಯಿತು: ಬಿಳಿಯರ ಪಕ್ಕದಲ್ಲಿದ್ದರೆ ಈ ಜನ ಉಳಿಯುವುದಿಲ್ಲ, ಬಿಳಿಯರು ಬಾರದ ಪಶ್ಚಿಮದಲ್ಲಿ ಅವರಿಗೇ ಒಂದು ದೇಶ ಕಟ್ಟಿಕೊಡಬೇಕು. ವ್ಯಾಪಾರಿಯನ್ನು ಓಡಿಸುವ ಬಲ ಸರ್ಕಾರಕ್ಕಿತ್ತು, ಮನಸ್ಸಿರಲಿಲ್ಲ. ಮೂಲನಿವಾಸಿಗಳನ್ನು ಓಡಿಸುವುದಕ್ಕೆ ಬಲವೂ ಇತ್ತು, ಮನಸ್ಸೂ ಇತ್ತು. ಮೆಕಾಯ್ ಆಗುವುದನ್ನೇ ಆರಿಸಿಕೊಂಡ.

1828ರಲ್ಲಿ ಅವನು ಪೊಟವಾಟೊಮಿ, ಒಡಾವಾ ಪ್ರತಿನಿಧಿಗಳನ್ನು ಕರೆದುಕೊಂಡು ಮಿಸ್ಸೂರಿಯ ಆಚೆಯ ನೆಲ ನೋಡಲು ಹೋದ. ಅದೇ ವರ್ಷ ಸೆಪ್ಟೆಂಬರ್ 20ರಂದು ಇತ್ತ ಸೇಂಟ್ ಜೋಸೆಫ್ ದಡದ ಮಿಷನ್ನಿನಲ್ಲೇ ಕ್ಯಾಸ್ ಇನ್ನೊಂದು ಒಪ್ಪಂದಕ್ಕೆ ಪೊಟವಾಟೊಮಿಗಳ ಗುರುತು ಹಾಕಿಸಿಕೊಂಡ. ಶಾಲೆ ಇದ್ದ ಅಂಗಳದಲ್ಲೇ ಶಾಲೆಯ ಸುತ್ತಲ ನೆಲ ಹೋಯಿತು. 1830ರ ಮೇ 28ಕ್ಕೆ ಎತ್ತಂಗಡಿ ಕಾಯ್ದೆಗೆ ಅಧ್ಯಕ್ಷ ಜ್ಯಾಕ್ಸನ್ ಸಹಿ ಹಾಕಿದ.

ಅಳತೆ

ಆ ವರ್ಷದ ಶರತ್ಕಾಲ ಮೆಕಾಯ್ ತನ್ನ ಇಬ್ಬರು ಮಕ್ಕಳೊಂದಿಗೆ, ಸೈನಿಕರ ಕಾವಲಿನಲ್ಲಿ, ಡೆಲವೇರ್ ಎಂಬ ಮೂಲನಿವಾಸಿ ಜನರಿಗೆ ಕೊಟ್ಟ ನೆಲದ ಎಲ್ಲೆ ಗುರುತಿಸಲು ಈಗಿನ ಕ್ಯಾನ್ಸಸ್ಸಿಗೆ ಹೋದ. ಅಂದಿನ ಮೋಜಣಿಯ ಸಲಕರಣೆ ಗಂಟರ್ ಸರಪಳಿ: 66 ಅಡಿ ಉದ್ದ, ನೂರು ಕೊಂಡಿ, ಎಂಬತ್ತು ಸರಪಳಿಗೆ ಒಂದು ಮೈಲಿ. (ನಮ್ಮ ಪಹಣಿಯ ಗುಂಟೆಯೂ ಇದೇ ವಂಶದ್ದು. 33 ಅಡಿ ಚದರಕ್ಕೆ ಒಂದು ಗುಂಟೆ, ಹಾಗಾಗಿ ಒಂದು ಚದರ ಗಂಟರ್ ಸರಪಳಿಗೆ ಸರಿಯಾಗಿ ನಾಲ್ಕು ಗುಂಟೆ.) ಮುಂದಿನವನು ಸರಪಳಿ ಎಳೆದು ಕಬ್ಬಿಣದ ಮೊಳೆ ನೆಡುತ್ತಾನೆ, ಹಿಂದಿನವನು ಅದನ್ನು ಕಿತ್ತು ಎಣಿಸಿಕೊಳ್ಳುತ್ತಾನೆ, ದಿಕ್ಸೂಚಿಯವನು ನೇರ ನೋಡುತ್ತಾನೆ, ಕೊಡಲಿಯವನು ಅಡ್ಡ ಬಂದದ್ದನ್ನು ಕಡಿಯುತ್ತಾನೆ. ಒಂದು ಮೊಳೆಯ ಎಣಿಕೆ ತಪ್ಪಿದರೆ 66 ಅಡಿ ಮಾಯ. ನೂರಾರು ಮೈಲಿ ಎಳೆದ ಮೇಲೆ ಕೊಂಡಿಗಳು ಸವೆದು ಸರಪಳಿ ಉದ್ದವಾಗುತ್ತದೆ. ಆಗಾಗ ಅಳತೆಗೆ ಹಿಡಿಯದಿದ್ದರೆ ಕಾಗದದ ಮೇಲಿನ ಮೈಲಿ ಒಂದು, ನೆಲದ ಮೈಲಿ ಇನ್ನೊಂದು. ಇಳಿಜಾರಿನಲ್ಲಿ ಸರಪಳಿಯನ್ನು ಮಟ್ಟವಾಗಿ ಹಿಡಿಯದೆ ನೆಲದ ಮೇಲೇ ಎಳೆದರೂ ಅದೇ ಗತಿ. ಸೂಜಿ ತೋರಿಸುವ ಉತ್ತರ ನಿಜವಾದ ಉತ್ತರವಲ್ಲವಾದ್ದರಿಂದ ರಾತ್ರಿ ಧ್ರುವ ನಕ್ಷತ್ರ ನೋಡಿ ತಿದ್ದಿಕೊಳ್ಳಬೇಕು. ಕಾಡಿನಲ್ಲಾದರೆ ಮೂಲೆಗೆ ಮರದ ತೊಗಟೆ ಕೆತ್ತಿ ಗುರುತು ಮಾಡಬಹುದು, ಹುಲ್ಲುಗಾವಲಿನಲ್ಲಿ ಮರವೇ ಇಲ್ಲ. ಮಣ್ಣು ಗುಡ್ಡೆ ಹಾಕಬೇಕು. ಆ ಬಯಲು ಸುಟ್ಟು ಕರಿಯಾಗಿತ್ತು, ಗಾಳಿ ಎದ್ದಾಗ ಬೂದಿ ಧೂಳಿನಲ್ಲಿ ದಾರಿ ಕಾಣದೆ ತಂಡ ಒದ್ದಾಡಿದ್ದನ್ನು ಮೆಕಾಯ್ ಬರೆದಿದ್ದಾನೆ.

ರಾಟೆಯ ಅರಗಳನ್ನು ಕೂಡಿಸಿ ಪಳಗಿದ ಕೈಗೆ ಈ ಕೆಲಸ ಹಿಡಿಸಿರಬೇಕು. ಸಂಬಳವೂ ಸರ್ಕಾರದಿಂದ ನೇರವಾಗಿ ಬರುತ್ತಿತ್ತು, ಫಿಲಡೆಲ್ಫಿಯಾದವರ ದಾರಿ ಕಾಯಬೇಕಿಲ್ಲ. ಅಳೆದಾದ ಮೇಲೆ ಆ ಎಲ್ಲೆಯನ್ನು ಯಾರೂ ದಾಟಲಾರರು ಎಂದು ಅವನು ನಂಬಿದ್ದ. ಮೂಲನಿವಾಸಿಗಳದ್ದೇ ಆಡಳಿತ, ಕಾಂಗ್ರೆಸ್ಸಿನಲ್ಲಿ ಅವರದ್ದೇ ಪ್ರತಿನಿಧಿ ಇರುವ ಒಂದು ಪ್ರಾಂತ ಅವನ ಯೋಜನೆ. ಆ ಮಸೂದೆ 1834ರಲ್ಲಿ ಕಾಂಗ್ರೆಸ್ಸಿನಲ್ಲಿ ಬಿತ್ತು, ಆಮೇಲೂ ಏಳಲಿಲ್ಲ. ಅಷ್ಟರೊಳಗೆ ಅವನ ಮಗ ಜಾನ್ ಕ್ಯಾಲ್ವಿನ್ ಮೆಕಾಯ್ ಮಿಸ್ಸೂರಿ ಗಡಿಗೆ ಅಂಟಿಕೊಂಡಂತೆ ಅಂಗಡಿ ತೆರೆದು ವೆಸ್ಟ್‌ಪೋರ್ಟ್ ಎಂಬ ಪೇಟೆ ಕಟ್ಟಿದ್ದ; ಮುಂದೆ ಕ್ಯಾನ್ಸಸ್ ಸಿಟಿ ಬೆಳೆದದ್ದು ಅಲ್ಲಿಂದಲೇ. ಅಪ್ಪ ಬಿಳಿಯರಿಲ್ಲದ ನೆಲ ಅಳೆದ, ಮಗ ಅದರ ಹೊಸ್ತಿಲಲ್ಲೇ ಸಂತೆ ನೆರೆಸಿದ. ಆ ಪೇಟೆಯ ವ್ಯಾಪಾರದಲ್ಲಿ ವಿಸ್ಕಿಯೂ ಇತ್ತು. 1854ರಲ್ಲಿ ಕ್ಯಾನ್ಸಸ್-ನೆಬ್ರಾಸ್ಕ ಕಾಯ್ದೆ ಬಂದು ಆ ನೆಲವೂ ಬಿಳಿಯರಿಗೆ ತೆರೆಯಿತು. ಅದನ್ನು ನೋಡಲು ಮೆಕಾಯ್ ಇರಲಿಲ್ಲ, 1846ರಲ್ಲಿ ಲೂಯಿವಿಲ್‌ನಲ್ಲಿ ತೀರಿಕೊಂಡಿದ್ದ.

ಹೋದವರು, ಉಳಿದವರು

ಕೋಲಿಗೆ ಗೀಟು ಹಾಕುತ್ತಿದ್ದ ಮೆನೊಮಿನಿಗೆ 1832ರ ಒಪ್ಪಂದದಲ್ಲಿ ಇನ್ನು ಮೂವರೊಂದಿಗೆ ಸೇರಿಸಿ ಇಪ್ಪತ್ತೆರಡು ಸೆಕ್ಷನ್ ನೆಲ ಉಳಿದಿತ್ತು. ಒಂದು ಸೆಕ್ಷನ್ನಿಗೆ 640 ಎಕರೆ. 1836ರ ಆಗಸ್ಟಿನಲ್ಲಿ ಆ ಇಪ್ಪತ್ತೆರಡನ್ನೂ 14,080 ಡಾಲರಿಗೆ ಬರೆಸಿಕೊಂಡರು. ಎಕರೆಗೆ ಸರಿಯಾಗಿ ಒಂದು ಡಾಲರ್. ಮೆನೊಮಿನಿ ಗುರುತು ಹಾಕಲಿಲ್ಲ. ಅಷ್ಟು ಹೊತ್ತಿಗೆ ಅವನು ಕ್ಯಾಥೊಲಿಕ್ ಆಗಿದ್ದ. ಜಾಗ ಬಿಡಲು ಕೊಟ್ಟ ಎರಡು ವರ್ಷದ ಗಡುವು ಮುಗಿದ ಮೇಲೆ, 1838ರ ಆಗಸ್ಟ್ ಕೊನೆಗೆ, ಜಾನ್ ಟಿಪ್ಟನ್‌ನ ಸಿಪಾಯಿಗಳು ಅವನ ಊರಿನ ಪ್ರಾರ್ಥನಾ ಮಂದಿರವನ್ನು ಸುತ್ತುವರಿದರು. ಸೆಪ್ಟೆಂಬರ್ 4ಕ್ಕೆ ಸುಮಾರು 860 ಜನರನ್ನು ಹೊರಡಿಸಿದರು, ಮೆನೊಮಿನಿಯನ್ನು ಮುಚ್ಚಿದ ಗಾಡಿಯಲ್ಲಿ ಕೈದಿಯಾಗಿ. ಕ್ಯಾನ್ಸಸ್ಸಿನ ತನಕ 660 ಮೈಲಿ, ಎರಡು ತಿಂಗಳು. ಬರಗಾಲದಲ್ಲಿ ನಿಂತ ನೀರು ಕುಡಿದು ಜ್ವರ ಹತ್ತಿ ದಾರಿಯಲ್ಲೇ ನಲವತ್ತಕ್ಕೂ ಹೆಚ್ಚು ಜನ ಸತ್ತರು, ಮಕ್ಕಳೇ ಹೆಚ್ಚು. ಇಲಿನಾಯ್‌ನಿಂದ ಮುಂದಕ್ಕೆ ಅವರನ್ನು ಸಾಗಿಸುವ ಹೊಣೆ ವಹಿಸಿದ್ದು ವಿಲಿಯಂ ಪೋಕ್ ಎಂಬವನಿಗೆ. ಕ್ರಿಸ್ಟಿಯಾನಾಳ ಅಣ್ಣತಮ್ಮಂದಿರಲ್ಲಿ ಒಬ್ಬ, ಅಂದರೆ ಮೆಕಾಯ್‌ನ ಭಾವಮೈದುನ.

ಆ ಕಾಲದಲ್ಲಿ ಬೇರೆ ದಾರಿ ಯಾರಿಗೂ ಹೊಳೆಯಲಿಲ್ಲ ಎಂದು ಹೇಳುವವರಿದ್ದಾರೆ. ಅದು ಸುಳ್ಳು. ಚೆರೊಕಿ ಎಂಬ ಮೂಲನಿವಾಸಿ ಜನರ ನಡುವೆ ಇದ್ದ ಮಿಷನರಿ ಇವಾನ್ ಜೋನ್ಸ್ ಕೂಡ ಬ್ಯಾಪ್ಟಿಸ್ಟನೇ. ಎತ್ತಂಗಡಿಯನ್ನು ಕೊನೆತನಕ ವಿರೋಧಿಸಿ, ತಡೆಯಲಾಗದೆ ಹೋದಾಗ ಆ ಜನರ ಜೊತೆಗೇ ನಡೆದ. ಸ್ಯಾಮ್ಯುಯೆಲ್ ವುರ್ಸೆಸ್ಟರ್ ಎಂಬ ಇನ್ನೊಂದು ಪಂಗಡದ ಮಿಷನರಿ ಜಾರ್ಜಿಯಾದ ಜೈಲಿನಲ್ಲಿ ಕೂತ. ಆದರೆ ಚೆರೊಕಿಗಳಿಗೆ ತಮ್ಮದೇ ಲಿಪಿ, ಸಂವಿಧಾನ, ಪತ್ರಿಕೆ ಇದ್ದವು. ಅಲ್ಲಿ ಮಿಷನರಿ ಹಿಂದೆ ನಿಲ್ಲಬಹುದಿತ್ತು. ಕೇರಿಯಲ್ಲಿ ವಾಷಿಂಗ್ಟನ್ನಿಗೆ ಕಾಗದ ಬರೆಯುವವನೂ ಅಲ್ಲಿಂದ ಸಂಬಳ ಪಡೆಯುವವನೂ ಒಬ್ಬನೇ.

ಬಿಳಿಯರ ಪಕ್ಕ ಬದುಕಲಾರರು ಎಂಬ ಮೆಕಾಯ್‌ನ ಮಾತಿಗೆ ಉತ್ತರ ಬಂದದ್ದು ಕೇರಿಯ ನೆರೆಯಿಂದಲೇ. ಬ್ಯಾಪ್ಟಿಸ್ಟರು ಪಶ್ಚಿಮಕ್ಕೆ ಹೊರಡುತ್ತಿದ್ದಾಗ, 1830ರಲ್ಲಿ, ಸೇಂಟ್ ಜೋಸೆಫ್ ದಡದ ಪೊಟವಾಟೊಮಿ ಮುಖಂಡ ಪೊಕಾಗನ್ ಡೆಟ್ರಾಯ್ಟಿಗೆ ಹೋಗಿ ಕ್ಯಾಥೊಲಿಕ್ ಪಾದ್ರಿಯೊಬ್ಬನನ್ನು ಕಳಿಸಿಕೊಡಿ ಎಂದು ಕೇಳಿದ. 1833ರ ಷಿಕಾಗೊ ಒಪ್ಪಂದದಲ್ಲಿ ತನ್ನವರು ಮಿಷಿಗನ್ನಿನಲ್ಲೇ ಉಳಿಯುವಂತೆ ಬರೆಸಿಕೊಂಡ. ಆಮೇಲೆ ವರ್ಷಾಶನದ ದುಡ್ಡು ಕೂಡಿಸಿ, ಉತ್ತರಕ್ಕೆ ಸಿಲ್ವರ್ ಕ್ರೀಕ್ ಎಂಬಲ್ಲಿ ಸರ್ಕಾರದಿಂದಲೇ ನೆಲ ಖರೀದಿಸಿ ಪತ್ರ ಮಾಡಿಸಿಕೊಂಡ. ಆಗ ಸರ್ಕಾರ ನೆಲ ಮಾರುತ್ತಿದ್ದ ದರ ಎಕರೆಗೆ ಒಂದೂಕಾಲು ಡಾಲರ್. ಪೊಕಾಗನ್ ಬಣದವರು ಈಗಲೂ ಅಲ್ಲೇ ಇದ್ದಾರೆ, 1994ರಲ್ಲಿ ಅಮೆರಿಕ ಸರ್ಕಾರದ ಮಾನ್ಯತೆಯನ್ನೂ ಮರಳಿ ಪಡೆದರು. ಅವರ ಆಡಳಿತ ಕಚೇರಿ ಡೊವಾಜಿಯಾಕ್‌ನಲ್ಲಿದೆ, ಮೆಕಾಯ್‌ನ ಕುಲುಮೆ ಇದ್ದ ನೈಲ್ಸ್‌ನಿಂದ ಕಾರಿನಲ್ಲಿ ಅರ್ಧ ಗಂಟೆಯೂ ಇಲ್ಲ.